‘ದಿನಕ್ಕೆ ಎಷ್ಟು?’ ಎಂದು ಕೇಳಿದರೆ ಫ್ಯಾಷನ್ ಶೂಟ್‌ನ ಲೆಕ್ಕ ಕೂಡುವುದಿಲ್ಲ

ಮಾನ್ಯ ಸಂಪಾದಕರೇ,

ದಸರೆ, ದೀಪಾವಳಿ ವ್ಯಾಪಾರಕ್ಕೆಂದು ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಬಟ್ಟೆ ಅಂಗಡಿಗಳು ಮಾಡೆಲ್ ಕರೆಸಿ ತಮ್ಮದೇ ಫೋಟೊ ತೆಗೆಸುತ್ತಿವೆ. ಮಿಲ್ಲಿನವರು ಕಳಿಸಿದ ಚಿತ್ರವನ್ನೇ ಫ್ಲೆಕ್ಸಿಗೆ ಏರಿಸುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ದರದ ಮಾತು ಬಂದಾಗ ಅಂಗಡಿಯವರು ಕೇಳುವುದೂ ಹೊಸ ಫೋಟೊಗ್ರಾಫರುಗಳು ಹೇಳುವುದೂ ಮದುವೆ ಮನೆಯ ಲೆಕ್ಕದಲ್ಲೇ: ‘ದಿನಕ್ಕೆ ಎಷ್ಟು? ಎಲ್ಲ ಸೇರಿಸಿ ಹೇಳಿ.’ ಮದುವೆಗೆ ಆ ಪ್ರಶ್ನೆ ಸರಿ. ಚಿತ್ರ ಆಲ್ಬಮ್ಮಿಗೆ ಹೋಗುತ್ತದೆ, ಮನೆಯಲ್ಲೇ ಉಳಿಯುತ್ತದೆ. ಅಂಗಡಿಯ ಚಿತ್ರ ಹಾಗಲ್ಲ, ಅದು ವ್ಯಾಪಾರಕ್ಕೆ ದುಡಿಯುತ್ತದೆ. ಹೀಗಾಗಿ ಅದರ ದರದಲ್ಲಿ ಮೂರು ಪಾಲು ಇರಲೇಬೇಕು: ತೆಗೆದವರ ಕೆಲಸದ ಶುಲ್ಕ, ಶೂಟ್‌ನ ಖರ್ಚು, ಚಿತ್ರದ ಬಳಕೆಯ ಶುಲ್ಕ. ಮೂರನ್ನೂ ಒಂದೇ ಮೊತ್ತದಲ್ಲಿ ಕಲಸಿ ಹೇಳಿದ ಕಡೆಯಲ್ಲೆಲ್ಲ ಕೊನೆಗೆ ಜಗಳವಾಗುತ್ತಿದೆ, ಇಲ್ಲವೇ ಫೋಟೊಗ್ರಾಫರ್ ಕೈಯಿಂದ ಹಣ ಹಾಕುತ್ತಿದ್ದಾನೆ. ಈ ಕಸುಬಿನಲ್ಲಿರುವ ನಾವು ಕೆಲವರು ಸೇರಿ ಲೆಕ್ಕವನ್ನು ಬಿಡಿಸಿ ಹೇಳಲು ಈ ಪತ್ರ ಬರೆಯುತ್ತಿದ್ದೇವೆ.

ಕೆಲಸದ ಶುಲ್ಕವನ್ನು ಪಕ್ಕದ ಸ್ಟುಡಿಯೊದವರ ದರ ನೋಡಿ ಇಡಬಾರದು, ತಮ್ಮ ಖರ್ಚಿನಿಂದ ಕಟ್ಟಬೇಕು. ಮಾದರಿಗೆ ಒಂದು ಲೆಕ್ಕ: ಎರಡು ಕ್ಯಾಮೆರಾ, ಮೂರು ಲೆನ್ಸ್, ಲೈಟುಗಳು, ಕಂಪ್ಯೂಟರ್ ಸೇರಿ 9 ಲಕ್ಷ ರೂಪಾಯಿ ಹಾಕಿದ್ದರೆ, ಐದು ವರ್ಷಕ್ಕೆ ಹಂಚಿದಾಗ ವರ್ಷಕ್ಕೆ 1,80,000. ಸ್ಟುಡಿಯೊ ಬಾಡಿಗೆ ತಿಂಗಳಿಗೆ 15,000ದಂತೆ ಮತ್ತೆ 1,80,000. ಒಬ್ಬ ಸಹಾಯಕನ ಸಂಬಳವೂ ಅಷ್ಟೇ. ಕರೆಂಟು, ಇಂಟರ್‌ನೆಟ್, ಸಾಫ್ಟ್‌ವೇರ್‌ಗೆ 60,000, ವಿಮೆ ಮತ್ತು ರಿಪೇರಿಗೆ 40,000. ಫೋಟೊಗ್ರಾಫರನ ಮನೆ ನಡೆಯಲು ತಿಂಗಳಿಗೆ 40,000 ಎಂದರೆ 4,80,000. ಎಲ್ಲ ಕೂಡಿದರೆ 11,20,000. ಇದನ್ನು 365ರಿಂದ ಭಾಗಿಸುವವರಿದ್ದಾರೆ. ಮೋಸ ಹೋಗುವುದು ಅಲ್ಲೇ. ಒಂದು ದಿನ ಶೂಟ್ ಮಾಡಿದರೆ ಎರಡು ದಿನ ಎಡಿಟಿಂಗ್, ಅರ್ಧ ದಿನ ಜಾಗ ನೋಡುವುದು, ಅದರ ಮೇಲೆ ಬಟ್ಟೆ ಆರಿಸುವುದು, ಫೋನಿನ ಮಾತುಕತೆ. ಮಳೆಗಾಲ ಬೇರೆ. ವರ್ಷಕ್ಕೆ ದುಡ್ಡು ತರುವ ಶೂಟ್‌ನ ದಿನಗಳು 80 ಸಿಕ್ಕರೆ ಪುಣ್ಯ. 11,20,000ವನ್ನು 80ರಿಂದ ಭಾಗಿಸಿದರೆ ದಿನಕ್ಕೆ 14,000. ಇದು ಲಾಭವಲ್ಲ, ಅಸಲು. ಇದರ ಮೇಲೆ ಸ್ವಲ್ಪ ಇಟ್ಟು 18,000 ಎಂದರೆ ಅದು ದುಬಾರಿಯೂ ಅಲ್ಲ. 5,000ಕ್ಕೆ ಒಪ್ಪುವ ಹುಡುಗ ಕ್ಯಾಮೆರಾ ಸವೆದ ದಿನ ಹೊಸದನ್ನು ಸಾಲ ಮಾಡಿಯೇ ಕೊಳ್ಳಬೇಕು. ನಮ್ಮ ಹವೆಯಲ್ಲಿ ಆ ದಿನ ಬೇಗ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸನ್ನು ಬ್ಯಾಗಿನಲ್ಲೇ ಬಿಟ್ಟರೆ ಒಳಗಾಜಿಗೆ ಬೂಸ್ಟು ಹಿಡಿಯುತ್ತದೆ. ತೇವಾಂಶವನ್ನು ಶೇ 40ರಿಂದ 50ರೊಳಗೆ ಇಡುವ ಡ್ರೈ ಕ್ಯಾಬಿನೆಟ್ ಇಲ್ಲಿ ಶೋಕಿಯ ವಸ್ತುವಲ್ಲ.

ಇನ್ನು ಒಂದು ಪೂರ್ತಿ ಶೂಟ್. ಶಿವಮೊಗ್ಗದ ಅಂಗಡಿಯೊಂದು 12 ಸೀರೆಗಳನ್ನು ತೀರ್ಥಹಳ್ಳಿ ಕಡೆಯ ಹಳೇ ತೊಟ್ಟಿಮನೆ ಮತ್ತು ಅಡಿಕೆ ತೋಟದಲ್ಲಿ, ಒಬ್ಬ ಮಾಡೆಲ್ ಇಟ್ಟುಕೊಂಡು, ಒಂದೇ ದಿನದಲ್ಲಿ ತೆಗೆಸುತ್ತದೆ ಎನ್ನಿ. ಫೋಟೊಗ್ರಾಫರ್ ಶುಲ್ಕ 18,000. ಮುಂಚಿತವಾಗಿ ಹೋಗಿ ಜಾಗವನ್ನೂ ಬೆಳಕನ್ನೂ ನೋಡಿ ಬರಲು 7,000. ಲೈಟ್ ಹಿಡಿಯುವ ಇಬ್ಬರಿಗೆ 3,000, ಮಾಡೆಲ್‌ಗೆ 15,000, ಮೇಕಪ್ ಮತ್ತು ಕೇಶಾಲಂಕಾರಕ್ಕೆ 8,000, ಸೀರೆ ಉಡಿಸುವವರಿಗೆ 3,000. ಗಾಡಿ 4,500, ಒಂಬತ್ತು ಜನರ ಊಟ ತಿಂಡಿ 2,700, ಮನೆಯವರಿಗೆ ಬಾಡಿಗೆ 5,000, ಬ್ಯಾಟರಿ ಲೈಟಿನ ಬಾಡಿಗೆ 4,000. ಸೀರೆಗೆ ಮೂರರಂತೆ 36 ಚಿತ್ರಗಳ ರಿಟಚಿಂಗ್ (ಕಂಪ್ಯೂಟರಿನಲ್ಲಿ ತಿದ್ದಿ ಸಿದ್ಧಪಡಿಸುವುದು), ಒಂದಕ್ಕೆ 250ರಂತೆ 9,000. ಜಿಲ್ಲೆಯೊಳಗೆ ಒಂದು ವರ್ಷ ಹೋರ್ಡಿಂಗ್ ಮತ್ತು ಪತ್ರಿಕೆಯಲ್ಲಿ ಬಳಸಲು 9,000. ಒಟ್ಟು 88,200 ರೂಪಾಯಿ. ಅಂಗಡಿಯವರು ಹೌಹಾರುವುದು ಈ ಮೊತ್ತಕ್ಕೆ. ಆದರೆ ಇದರಲ್ಲಿ 45,200 ಬೇರೆಯವರ ಕೈಗೆ ಹೋಗುವ ಹಣ. ಫೋಟೊಗ್ರಾಫರಿಗೆ ಉಳಿಯುವುದು 43,000, ಅದೂ ಮೂರೂವರೆ ದಿನದ ದುಡಿಮೆಗೆ. ಸಾಲು ಸಾಲಾಗಿ ಬರೆದ ಕೊಟೇಶನ್ ಮುಂದಿದ್ದರೆ ಚೌಕಾಸಿಯೂ ನ್ಯಾಯವಾಗಿ ನಡೆಯುತ್ತದೆ. 12 ಸೀರೆ ಬದಲು 8 ಮಾಡೋಣ, ಗಾಡಿ ನಾವೇ ಕಳಿಸುತ್ತೇವೆ ಎಂದು ಅಂಗಡಿಯವರು ಹೇಳಬಹುದು. ಒಟ್ಟು ಮೊತ್ತವನ್ನಷ್ಟೇ ಹೇಳಿದಾಗ ಕತ್ತರಿ ಬೀಳುವುದು ಫೋಟೊಗ್ರಾಫರನ ಪಾಲಿಗೆ ಮಾತ್ರ.

ಆನ್‌ಲೈನ್ ಮಾರಾಟದ ಕ್ಯಾಟಲಾಗಿಗೆ ಪೀಸಿನ ಲೆಕ್ಕ ನಡೆಯುತ್ತದೆ, ಆದರೆ ಎಲ್ಲ ಪೀಸಿಗೂ ಒಂದೇ ದರ ಹೇಳಬಾರದು. ಸ್ಟುಡಿಯೊದಲ್ಲಿ ಮುಂದೆ, ಹಿಂದೆ, ಪಕ್ಕ, ಹತ್ತಿರದ್ದು ಎಂದು ನಾಲ್ಕು ಕೋನದಲ್ಲಿ ದಿನಕ್ಕೆ 30 ಕುರ್ತಾ ಮುಗಿಸಬಹುದು. ಸೀರೆಗೆ ನೆರಿಗೆ ಹಿಡಿದು ಪಿನ್ ಹಾಕಿ ಸೆರಗು ಕೂರಿಸಲು 15ರಿಂದ 20 ನಿಮಿಷ ಬೇಕು, ರವಿಕೆ ಬದಲಿಸಬೇಕು. ದಿನಕ್ಕೆ 12, ಬಹಳವೆಂದರೆ 15. ದಿನದ ಒಟ್ಟು ಖರ್ಚು 48,000 ಆದರೆ ಕುರ್ತಾ ಒಂದಕ್ಕೆ 1,600, ಸೀರೆ ಒಂದಕ್ಕೆ 4,000 ಬೀಳುತ್ತದೆ. ಕುರ್ತಾದ ದರದಲ್ಲಿ ಸೀರೆ ಒಪ್ಪಿಕೊಂಡವರು ಮಧ್ಯಾಹ್ನದ ಹೊತ್ತಿಗೆ ಸೋತಿರುತ್ತಾರೆ.

ಮಲೆನಾಡಿನಲ್ಲಿ ಹೊರಾಂಗಣ ಶೂಟ್‌ನ ಲೆಕ್ಕ ಬಯಲುಸೀಮೆಯದಲ್ಲ. ಹಬ್ಬದ ಚಿತ್ರಗಳು ಸೆಪ್ಟೆಂಬರ್‌ಗೆ ಸಿದ್ಧವಿರಬೇಕು, ಅಂದರೆ ತೆಗೆಯಬೇಕಾದ್ದು ಆಗಸ್ಟ್‌ನಲ್ಲಿ, ಆಶ್ಲೇಷ, ಮಘೆ ಮಳೆ ಹೊಯ್ಯುವಾಗ. ಮಳೆಯಿಂದ ಶೂಟ್ ನಿಂತರೂ ಅಂದು ಬಂದ ಮಾಡೆಲ್‌ಗೆ, ಮೇಕಪ್‌ನವರಿಗೆ, ಗಾಡಿಗೆ ಹಣ ಕೊಡಲೇಬೇಕು. ಆದ್ದರಿಂದ ಮಳೆಯ ಷರತ್ತನ್ನು ಮೊದಲೇ ಬರೆಯಿರಿ: 48 ಗಂಟೆ ಮುಂಚೆ ಮುಂದೂಡಿದರೆ ಶುಲ್ಕವಿಲ್ಲ, ಆಮೇಲೆ ಮುಂದೂಡಿದರೆ ತಂಡದ ಶುಲ್ಕದ ಅರ್ಧ, ಜಾಗಕ್ಕೆ ಹೋದ ಮೇಲೆ ನಿಂತರೆ ತಂಡದ ಪೂರ್ತಿ ಶುಲ್ಕ, ಫೋಟೊಗ್ರಾಫರಿಗೆ ಅರ್ಧ. ಇದರ ಜತೆಗೆ ಖರ್ಚಿನ ಶೇ 10ರಷ್ಟನ್ನು ಬೇರೆ ಇಟ್ಟು, ಬಳಸಿದರೆ ಮಾತ್ರ ಬಿಲ್ಲಿಗೆ ಸೇರಿಸಬೇಕು. ರೇಷ್ಮೆಯ ಮೇಲೆ ನಾಲ್ಕು ಹನಿ ಬಿದ್ದರೂ ಕಲೆ ನಿಲ್ಲುತ್ತದೆ, ಕೆಸರಿಗೆ ಅಂಚು ತಾಗುತ್ತದೆ. ಆ ಸೀರೆಯ ನಷ್ಟ ಯಾರದ್ದು ಎಂಬುದೂ ಕಾಗದದಲ್ಲಿರಲಿ. ದಿನವೆಂದರೆ ಎಷ್ಟು ಗಂಟೆ ಎಂಬುದೂ ಹಾಗೆಯೇ. ನಾವು ಮೇಕಪ್ ಶುರುವಾದಲ್ಲಿಂದ 10 ಗಂಟೆ ಹಿಡಿಯುತ್ತೇವೆ, ನಂತರದ ಪ್ರತಿ ಗಂಟೆಗೆ ದಿನದ ಶುಲ್ಕದ ಶೇ 15. ಬೆಳಿಗ್ಗೆ ಒಂಬತ್ತರವರೆಗೆ ಮಂಜು ಕವಿದಿದ್ದರೆ ಆ ಹೊತ್ತೂ ದಿನದ ಲೆಕ್ಕಕ್ಕೇ ಸೇರಿತು.

ಅಡಿಕೆ ತೋಟದ ಬೆಳಕು ಕಣ್ಣಿಗೆ ತಂಪು, ಕ್ಯಾಮೆರಾಕ್ಕೆ ತೊಂದರೆ. ಸೋಗೆಯ ನಡುವೆ ಇಳಿದ ಬೆಳಕೂ ನೆಲದ ಹಸಿರಿನಿಂದ ಎದ್ದ ಬೆಳಕೂ ಕೂಡಿ ಮುಖಕ್ಕೆ, ಬಿಳಿ ಬಟ್ಟೆಗೆ ಹಸಿರು ಬಳಿಯುತ್ತವೆ. ಕಂಪ್ಯೂಟರಿನಲ್ಲಿ ಹಸಿರು ತೆಗೆಯಲು ಹೋದರೆ ಫ್ಲ್ಯಾಷ್ ಬಿದ್ದ ಭಾಗ ಗುಲಾಬಿಗೆ ತಿರುಗುತ್ತದೆ. ಉಪಾಯ ತೋಟದಲ್ಲೇ ಮಾಡಬೇಕು: ಮಾಡೆಲನ್ನು ತೋಟದ ಅಂಚಿಗೆ ತನ್ನಿ, ಕಾಲ ಬಳಿ ಚಿತ್ರದೊಳಗೆ ಬಾರದಂತೆ ಕಪ್ಪು ಬಟ್ಟೆ ಹಾಸಿ, ಮುಖಕ್ಕೆ ದೊಡ್ಡ ಸಾಫ್ಟ್‌ಬಾಕ್ಸಿನ (ಫ್ಲ್ಯಾಷ್ ಬೆಳಕನ್ನು ಹರಡಿ ಮೃದುವಾಗಿಸುವ ಬಟ್ಟೆಯ ಪೆಟ್ಟಿಗೆ) ಬೆಳಕನ್ನೇ ಮುಖ್ಯವಾಗಿಸಿ, ಜಾಗ ಬದಲಾದಾಗಲೆಲ್ಲ ಗ್ರೇ ಕಾರ್ಡ್ (ಆಮೇಲೆ ಬಣ್ಣ ಸರಿಪಡಿಸಲು ಆಧಾರವಾಗುವ ಬೂದು ಹಲಗೆ) ಹಿಡಿದು ಒಂದು ಚಿತ್ರ ತೆಗೆದುಕೊಳ್ಳಿ. ಅಡಿಕೆ ಚೊಗರಿನಂಥ (ಅಡಿಕೆ ಬೇಯಿಸಿದಾಗ ಉಳಿಯುವ ಕಂದು ರಸ) ಸಹಜ ಬಣ್ಣ ಹಾಕಿದ ಕೈಮಗ್ಗದ ಬಟ್ಟೆಗೆ ಇದು ಇನ್ನೂ ಮುಖ್ಯ. ಆ ಕಂದು ಸ್ವಲ್ಪ ಕೆಂಪಾದರೂ ಕೊಂಡವರು ‘ಫೋಟೊದಲ್ಲಿದ್ದ ಬಣ್ಣ ಇದಲ್ಲ’ ಎಂದು ಬಟ್ಟೆ ವಾಪಸು ಕಳಿಸುತ್ತಾರೆ. ಜರಿ ಅಂಚಿಗೆ ನೇರ ಫ್ಲ್ಯಾಷ್ ಬಿದ್ದರೆ ಅಲ್ಲಿ ಬಿಳಿಯ ಪಟ್ಟೆ ಉಳಿಯುತ್ತದೆ, ಜರಿ ಉಳಿಯುವುದಿಲ್ಲ; ಬೆಳಕನ್ನು ಪಕ್ಕದಿಂದ, ಮೃದುವಾಗಿ ಕೊಡಬೇಕು. ಕಡಿಮೆ ದರದವರು ಮೊದಲು ಬಿಡುವುದು ಈ ಕೆಲಸಗಳನ್ನೇ.

ಜಾಗದ ಅನುಮತಿಯೂ ಒಂದು ಖರ್ಚು. ಇಕ್ಕೇರಿಯ ಅಘೋರೇಶ್ವರ ದೇವಾಲಯದಂಥ ಸಂರಕ್ಷಿತ ಸ್ಮಾರಕದಲ್ಲಿ ವಾಣಿಜ್ಯ ಶೂಟ್‌ಗೆ ಪುರಾತತ್ತ್ವ ಇಲಾಖೆಯ ಒಪ್ಪಿಗೆ, ಕಾಡಿನೊಳಗೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಹಿಂದಿನ ದಿನ ಕೇಳಿದರೆ ಸಿಗುವಂಥದ್ದಲ್ಲ.

ಈಗ ಬಳಕೆಯ ಶುಲ್ಕ. ಹೆಚ್ಚು ತಕರಾರು ಇಲ್ಲಿಯೇ. ಇನ್‌ಸ್ಟಾಗ್ರಾಂಗೆಂದು ತೆಗೆದ ಚಿತ್ರ ಶಿವಮೊಗ್ಗದ ಬಿ.ಎಚ್. ರಸ್ತೆಯ ಹೋರ್ಡಿಂಗಿನಲ್ಲಿ ಕಾಣುತ್ತದೆ, ಆಮೇಲೆ ಸೀರೆ ತಯಾರಿಸಿದವರ ಡಬ್ಬಿಯ ಮೇಲೂ ಬರುತ್ತದೆ. ‘ದೊಡ್ಡ ಫೈಲ್ ಕೊಡಬೇಕಲ್ಲ, ಅದಕ್ಕೆ ಹೆಚ್ಚು’ ಎಂದು ಕೆಲವರು ಸಮಜಾಯಿಷಿ ಕೊಡುತ್ತಾರೆ. ಅದು ತಪ್ಪು. 24 ಮೆಗಾಪಿಕ್ಸೆಲ್ ಫೈಲಿನ ಅಗಲದಲ್ಲಿರುವ 6,000 ಪಿಕ್ಸೆಲ್‌ಗಳನ್ನು (ಚಿತ್ರದ ಚುಕ್ಕೆಗಳನ್ನು) 20 ಅಡಿ ಅಗಲಕ್ಕೆ ಹರಡಿದರೆ ಇಂಚಿಗೆ 25 ಬೀಳುತ್ತವೆ. ರಸ್ತೆಯಾಚೆಯಿಂದ ನೋಡುವವರಿಗೆ ಅಷ್ಟು ಸಾಕು. ಹಣ ಫೈಲಿನ ಗಾತ್ರಕ್ಕಲ್ಲ, ಬಳಕೆಯ ವ್ಯಾಪ್ತಿಗೆ. ನಮ್ಮ ಪದ್ಧತಿಯಲ್ಲಿ ಅಂಗಡಿಯೊಳಗಿನ ಮತ್ತು ಸಾಮಾಜಿಕ ಜಾಲತಾಣದ ಒಂದು ವರ್ಷದ ಬಳಕೆ ದಿನದ ಶುಲ್ಕದಲ್ಲೇ ಸೇರಿದೆ. ಜಿಲ್ಲೆಯೊಳಗೆ ಹೋರ್ಡಿಂಗ್, ಪತ್ರಿಕೆ ಎಂದರೆ ದಿನದ ಶುಲ್ಕದ ಅರ್ಧ. ರಾಜ್ಯವಿಡೀ ಎಂದರೆ ಇನ್ನೊಂದು ಪೂರ್ತಿ ಶುಲ್ಕ. ಎಲ್ಲ ಹಕ್ಕೂ ಶಾಶ್ವತವಾಗಿ ಬೇಕೆಂದರೆ ದಿನದ ಶುಲ್ಕದ ಮೂರರಿಂದ ಐದು ಪಟ್ಟು. ಮಾಡೆಲ್‌ನ ಶುಲ್ಕವೂ ಬಳಕೆಗೆ ತಕ್ಕಂತೆ ಏರುತ್ತದೆ, ಅವರ ಸಹಿ ಇರುವ ಒಪ್ಪಿಗೆ ಪತ್ರದಲ್ಲೂ ಅದೇ ಬಳಕೆ, ಅದೇ ಅವಧಿ ಇರಬೇಕು.

ಇಲ್ಲಿ ಯುವಕರು ಒಂದು ಮಾತು ಗಮನಿಸಬೇಕು. ಅಮೆರಿಕದವರ ವಿಡಿಯೊ ನೋಡಿ ‘ಕ್ಲಿಕ್ ಮಾಡಿದವನದ್ದೇ ಹಕ್ಕು’ ಎಂದು ನಂಬಿದವರು ಬಹಳ. ನಮ್ಮ ಕಾನೂನು ಬೇರೆ. ಕೃತಿಸ್ವಾಮ್ಯ ಕಾಯ್ದೆ, 1957ರ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಹಕ್ಕುದಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ. ಅಂದರೆ ಕಾಗದವಿಲ್ಲದೆ ಶೂಟ್ ಮಾಡಿದ ಫೋಟೊಗ್ರಾಫರಿಗೆ ಆಮೇಲೆ ಹೋರ್ಡಿಂಗಿಗೆ ಹಣ ಕೇಳಲು ನೆಲೆಯೇ ಇರುವುದಿಲ್ಲ. ಹಾಗಾಗಿ ‘ಕೃತಿಸ್ವಾಮ್ಯ ಫೋಟೊಗ್ರಾಫರದು, ಅಂಗಡಿಗೆ ಇಂತಿಂಥ ಬಳಕೆಗೆ ಅನುಮತಿ’ ಎಂಬ ಸಾಲು ಶೂಟ್‌ಗೆ ಮೊದಲೇ, ಎರಡೂ ಕಡೆಯ ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಇಡೀ ಭಾರತ ಎಂದು ಅದೇ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಎರಡನ್ನೂ ಬರೆಯಿರಿ. ಈಗ ಇನ್ನೊಂದು ಸಾಲೂ ಬೇಕಾಗಿದೆ: ಚಿತ್ರವನ್ನು ಎಐ ಆ್ಯಪ್‌ಗೆ ಹಾಕಿ ಅದೇ ಮಾಡೆಲ್‌ಗೆ ಬೇರೆ ಸೀರೆ ಉಡಿಸಬಹುದೇ, ಇಲ್ಲವೇ. ಒಂದು ದಿನದ ಶುಲ್ಕದಲ್ಲಿ ನೂರು ಸೀರೆಯ ಜಾಹೀರಾತು ಮಾಡಿಕೊಳ್ಳುವುದು ಮಾಡೆಲ್‌ಗೂ ಅನ್ಯಾಯ.

ಹಣ ಪಾವತಿಯ ವಿಷಯ. ಖರ್ಚಿನ ಪೂರ್ತಿ ಮೊತ್ತ ಮತ್ತು ಶುಲ್ಕದ ಅರ್ಧವನ್ನು ಶೂಟ್‌ಗೆ ಮುಂಚೆ ಪಡೆಯಬೇಕು. ಮಾಡೆಲ್‌ನ ಹಣವನ್ನು ಫೋಟೊಗ್ರಾಫರ್ ಸಾಲ ಮಾಡಿ ಕೊಡುವ ಪರಿಪಾಠ ನಿಲ್ಲಬೇಕು. ತಿದ್ದುಪಡಿ ಎರಡು ಸುತ್ತು ಸೇರಿದೆ, ಮೂರನೆಯದಕ್ಕೆ ಬೇರೆ ಹಣ ಎಂದೂ ಬರೆಯಿರಿ. ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ‘ಉದ್ಯಮ್’ ನೋಂದಣಿ ಮಾಡಿಸಿಕೊಂಡವರಿಗೆ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ) ಕಾಯ್ದೆಯ ರಕ್ಷಣೆಯಿದೆ: ಒಪ್ಪಂದದಲ್ಲಿ ಏನೇ ಬರೆದಿದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ, ಮೀರಿದರೆ ಬಡ್ಡಿ ಕೊಡಬೇಕು. ಜಿಎಸ್‌ಟಿ ಶೇ 18. ಮೇಲಿನ 88,200ಕ್ಕೆ ಅದು 15,876. ವರ್ಷದ ವಹಿವಾಟು 20 ಲಕ್ಷ ಮೀರದವರಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ, ನೋಂದಣಿ ಇಲ್ಲದವರು ತೆರಿಗೆ ಹಾಕುವಂತೆಯೂ ಇಲ್ಲ. ಆದರೆ ಮಾಡೆಲ್, ಗಾಡಿ, ಊಟ ಎಲ್ಲವನ್ನೂ ತಮ್ಮ ಬಿಲ್ಲಿನಲ್ಲೇ ಸೇರಿಸಿದರೆ ಇಂಥ 23 ಶೂಟ್‌ಗಳಲ್ಲೇ 20 ಲಕ್ಷ ದಾಟುತ್ತದೆ. ಮಾಡೆಲ್‌ಗೂ ಗಾಡಿಗೂ ಅಂಗಡಿಯವರೇ ನೇರವಾಗಿ ಹಣ ಕೊಟ್ಟರೆ ಎರಡೂ ಕಡೆಗೆ ಅನುಕೂಲ.

ಈ ಹಬ್ಬಕ್ಕೆ ಶೂಟ್ ಮಾಡಿಸುವ ಅಂಗಡಿಯವರಲ್ಲಿ ನಮ್ಮ ಕೋರಿಕೆ: ಫೋಟೊಗ್ರಾಫರಿಗೆ ಫೋನ್ ಮಾಡುವ ಮುಂಚೆ ಎಷ್ಟು ಬಟ್ಟೆ, ಎಷ್ಟು ಚಿತ್ರ, ಎಲ್ಲೆಲ್ಲಿ ಹಾಕುತ್ತೀರಿ, ಎಷ್ಟು ತಿಂಗಳು, ಮಳೆ ಬಂದರೆ ಯಾವ ದಿನ ಎಂಬ ಐದು ಉತ್ತರ ಬರೆದಿಟ್ಟುಕೊಳ್ಳಿ. ಅವು ಕೈಯಲ್ಲಿದ್ದರೆ ಮರುದಿನವೇ ಸಾಲು ಸಾಲಾದ ಕೊಟೇಶನ್ ಕೊಡಬಹುದು.

ಶಿವಮೊಗ್ಗ ಜಿಲ್ಲೆಯ ಕೆಲವು ವಾಣಿಜ್ಯ ಛಾಯಾಗ್ರಾಹಕರು