ಶನಿವಾರದ ಪ್ರಾರ್ಥನೆಯಲ್ಲಿ ಅಂಕಗಳನ್ನು ಓದದಿರುವ ಕುರಿತು ಪಾಲಕರಿಗೆ ಪತ್ರ

ಸರ್ಕಾರಿ ಪ್ರೌಢಶಾಲೆ, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಮಾನ್ಯ ಪಾಲಕರಿಗೆ ನಮಸ್ಕಾರಗಳು.

ದಸರಾ ರಜೆ ಮುಗಿದು ಶಾಲೆ ಮತ್ತೆ ಆರಂಭವಾದಂದಿನಿಂದ ಶನಿವಾರದ ಪ್ರಾರ್ಥನೆಯಲ್ಲಿ ಕಿರುಪರೀಕ್ಷೆಯ ಅಂಕಗಳನ್ನೂ ಮೊದಲ ಮೂರು ಸ್ಥಾನ ಪಡೆದವರ ಹೆಸರುಗಳನ್ನೂ ಓದುವುದನ್ನು ನಿಲ್ಲಿಸಿದ್ದೇವೆ. ಇದನ್ನು ಆಕ್ಷೇಪಿಸಿ ಕೆಲವು ಪಾಲಕರು ಕಳೆದ ಸೋಮವಾರ ಶಾಲೆಗೆ ಬಂದು ಲಿಖಿತ ಅರ್ಜಿ ಕೊಟ್ಟಿದ್ದಾರೆ. ಅರ್ಜಿಯ ಮಾತು ಸ್ವಲ್ಪ ಬಿರುಸಾಗಿದ್ದರೂ ಅದರ ಹಿಂದಿರುವುದು ಮಕ್ಕಳ ಮೇಲಿನ ಕಾಳಜಿಯೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅರ್ಜಿ ಕೊಟ್ಟವರಿಗೆ ಮಾತ್ರ ಉತ್ತರಿಸಿದರೆ ಉಳಿದವರಿಗೆ ಅರ್ಧ ಸುದ್ದಿ ತಲುಪುತ್ತದೆ ಎಂದು ಎಲ್ಲರಿಗೂ ಒಟ್ಟಿಗೇ ಬರೆಯುತ್ತಿದ್ದೇನೆ. ಓದು ಬಾರದ ಹಿರಿಯರಿಗೆ ಮಕ್ಕಳೇ ಈ ಪತ್ರವನ್ನು ಓದಿ ಹೇಳಬೇಕೆಂದು ತರಗತಿಗಳಲ್ಲಿ ತಿಳಿಸಿದ್ದೇವೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಕಿರುಪರೀಕ್ಷೆ ನಿಂತಿಲ್ಲ. ಮೊದಲಿನಂತೆಯೇ ಗುರುವಾರ 25 ಅಂಕಗಳ ಪರೀಕ್ಷೆ ನಡೆಯುತ್ತದೆ, ಶುಕ್ರವಾರ ಶಿಕ್ಷಕರು ತಿದ್ದುತ್ತಾರೆ, ಶನಿವಾರ ಪರೀಕ್ಷಾ ಪುಸ್ತಕ ಮಗುವಿನ ಕೈ ಸೇರಿ ತಮ್ಮ ಮನೆಗೆ ಬರುತ್ತದೆ. ನಿಂತಿರುವುದು ಇಡೀ ಶಾಲೆಯ ಎದುರು ಆ ಅಂಕಗಳನ್ನು ಗಟ್ಟಿಯಾಗಿ ಓದುವುದು ಮಾತ್ರ.

ಅದರ ಬದಲಿಗೆ ಆ ವಾರ ಮಕ್ಕಳು ಏನೇನು ಮಾಡಿದರು ಎಂಬುದನ್ನು ಓದುತ್ತಿದ್ದೇವೆ, ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಹೆಸರು ಸಮೇತ ಬರೆಯುತ್ತಿದ್ದೇವೆ. ಕಳೆದ ಮೂರು ವಾರಗಳ ಹಲಗೆಯನ್ನು ತಾವು ನೋಡಿದ್ದರೆ ಅರ್ಜಿಯಲ್ಲಿದ್ದ "ಆಟ-ಪಾಟಕ್ಕೆ ಮಾತ್ರ ಮರ್ಯಾದೆ" ಎಂಬ ಮಾತು ಬರುತ್ತಿರಲಿಲ್ಲವೆಂದು ಭಾವಿಸುತ್ತೇನೆ. ಎಂಟನೆಯ ತರಗತಿಯ ಇಬ್ಬರು ಹುಡುಗರು ಹಳೆಯ ಸೈಕಲ್ಲಿನ ಗಾಲಿ ಮತ್ತು ಬಿದಿರಿನ ಸೀಳುಗಳಿಂದ ಲಿಂಬೆಹಣ್ಣು ವಿಂಗಡಿಸುವ ಜರಡಿಯೊಂದನ್ನು ಮಾಡಿದ್ದಾರೆ. ಸೀಳುಗಳ ನಡುವಿನ ಸಂದು ಮೊದಲು ಕಿರಿದು, ಮುಂದೆ ಮುಂದೆ ಅಗಲ. ಹಣ್ಣನ್ನು ಮೇಲಿನಿಂದ ಉರುಳಿಸಿದರೆ ಸಣ್ಣವು ಮೊದಲ ಬುಟ್ಟಿಗೆ, ನಡುವಿನವು ಎರಡನೆಯದಕ್ಕೆ ಬೀಳುತ್ತವೆ, ದೊಡ್ಡವು ಕೊನೆಯವರೆಗೆ ಉರುಳುತ್ತವೆ. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚ್ಯಂಕದ (ಜಿಐ) ಮಾನ್ಯತೆ, ಅಂದರೆ ಈ ನೆಲದ್ದೇ ಬೆಳೆ ಎಂಬ ಅಧಿಕೃತ ಗುರುತು, ಸಿಕ್ಕಿದ ವಿಷಯವನ್ನು ಪಾಠದಲ್ಲಿ ಹೇಳಿದಾಗ, ನಮ್ಮ ತೋಟದಲ್ಲಿ ಅವ್ವ ಈಗಲೂ ಕೂತು ಕೈಯಿಂದಲೇ ಆರಿಸುತ್ತಾಳೆ ಎಂದು ಆ ಇಬ್ಬರಲ್ಲಿ ಒಬ್ಬ ಹೇಳಿದ್ದೇ ಇದಕ್ಕೆ ಮೂಲ. ವಿಜ್ಞಾನ ಶಿಕ್ಷಕರು ಈ ವಿಚಾರವನ್ನು ಮಕ್ಕಳ ಹೊಸ ವಿಜ್ಞಾನ ವಿಚಾರಗಳಿಗೆ ನೆರವು ನೀಡುವ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಅವಾರ್ಡ್–ಮಾನಕ್ ಯೋಜನೆಗೆ ಶಾಲೆಯ ಪರವಾಗಿ ಕಳುಹಿಸಿದ್ದಾರೆ. ಒಂದು ಶಾಲೆಯಿಂದ ಐದು ವಿಚಾರಗಳವರೆಗೆ ಕಳುಹಿಸಬಹುದು, ಆಯ್ಕೆಯಾದ ಮಗುವಿಗೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. ಆಯ್ಕೆಯಾಗಲಿ ಬಿಡಲಿ, ಇದು ವಿಜ್ಞಾನದ ಪಾಠವೇ ಹೊರತು ಆಟ-ಪಾಟವಲ್ಲ.

ಪ್ರತಿಭಾ ಕಾರಂಜಿಯ ಜನಪದ ಗೀತೆ ವಿಭಾಗದಲ್ಲಿ ತಾಲ್ಲೂಕು ಮಟ್ಟ ಮುಟ್ಟಿದ ಹುಡುಗನ ಬಗ್ಗೆಯೂ ಹೇಳಬೇಕು. ಆತ ಹಾಡಿದ್ದು ಹಂತಿಪದ. ಕಣದ ನಡುವೆ ಮೇಟಿ ನೆಟ್ಟು, ರಾತ್ರಿಯೆಲ್ಲ ಎತ್ತುಗಳನ್ನು ಅದರ ಸುತ್ತ ತಿರುಗಿಸುತ್ತ ಜೋಳದ ರಾಶಿ ಮಾಡುವಾಗ ನಮ್ಮ ಹಿರಿಯರು ಹಾಡುತ್ತಿದ್ದ ಪದಗಳು ಅವು. ಯಂತ್ರದ ರಾಶಿ ಬಂದ ಮೇಲೆ ಕಣವೂ ಹೋಯಿತು, ಪದಗಳೂ ಹೋದವು. ಈ ಹುಡುಗ ಮಾತ್ರ ತನ್ನ ಮುತ್ಯಾನ ಬಾಯಿಂದ ಕಲಿತು, ಮುತ್ಯಾ ಮಾಡುವಂತೆಯೇ ಬಲಗೈಯನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಚೀಟಿ ನೋಡದೆ ಪದವನ್ನು ಕೊನೆಯವರೆಗೆ ಹಾಡಿದ. ಕನ್ನಡ ಕಂಠಪಾಠದಲ್ಲಿ ನಾಲ್ಕು ಸಾಲಿಗೆ ತಡವರಿಸುವನೆಂದು ನಾವು ತಿಳಿದಿದ್ದ ಮಗು ಅದು. ಎರಡೂವರೆ ವರ್ಷದಲ್ಲಿ ಪ್ರಾರ್ಥನೆಯ ವೇಳೆ ಆತನ ಹೆಸರು ಕೇಳಿಬಂದದ್ದು ಅದೇ ಮೊದಲ ಸಲ. ಹುಡುಗಿಯರ ಖೋ ಖೋ ತಂಡದ ಗೆಲುವಿನ ಸುದ್ದಿ ತಮಗೆ ಈಗಾಗಲೇ ತಿಳಿದಿದೆ. ಎರೆಮಣ್ಣಿನ ನೆಲದ ಮೇಲೆ ಜಿಗಿದು ಮೊಣಕೈ ತರಚಿಕೊಂಡು ಆಡಿದ ಆ ಮಕ್ಕಳನ್ನು ಅಭ್ಯಾಸಕ್ಕೆ ಕಳುಹಿಸಿಕೊಟ್ಟ ತಾಯಂದಿರಿಗೆ ಶಾಲೆ ಋಣಿಯಾಗಿದೆ.

ಇನ್ನು ಅಂಕಗಳ ವಿಷಯ. ಈ ನಿರ್ಧಾರ ಏಕಾಏಕಿ ಬಂದದ್ದಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಹಾಜರಿ ಪುಸ್ತಕಗಳನ್ನು ಪರಿಶೀಲಿಸುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಗುರುವಾರ ಪರೀಕ್ಷೆಗೆ ಬಂದು, ಶುಕ್ರವಾರವೂ ಬಂದು, ಶನಿವಾರ ಮಾತ್ರ ಗೈರುಹಾಜರಾಗಿ ಸೋಮವಾರ ಮತ್ತೆ ಹಾಜರಾಗುವ ಮಕ್ಕಳು ಪ್ರತಿ ತರಗತಿಯಲ್ಲಿಯೂ ಇದ್ದರು. ಶನಿವಾರ ಬೆಳಗಿನ ಶಾಲೆಯಾದ್ದರಿಂದ ತೋಟದ ವಸ್ತಿಯಿಂದ ಬರುವವರಿಗೆ ಬಸ್ಸು ಸಿಗುವುದಿಲ್ಲವೇನೋ ಎಂದು ಮೊದಲು ನಾವೂ ಅಂದುಕೊಂಡೆವು. ಆದರೆ ಊರೊಳಗಿನ ಮಕ್ಕಳೂ, ಶಾಲೆಯ ಹಿಂದಿನ ಓಣಿಯ ಮಕ್ಕಳೂ ಆ ಸಾಲಿನಲ್ಲಿದ್ದರು. ವರ್ಗ ಶಿಕ್ಷಕರು ಒಬ್ಬೊಬ್ಬರನ್ನೇ ಕರೆದು ಪ್ರೀತಿಯಿಂದ ಕೇಳಿದಾಗ ಉತ್ತರ ಒಂದೇ ಬಂತು: ಪ್ರಾರ್ಥನೆಯಲ್ಲಿ ಅಂಕ ಓದುತ್ತಾರೆಂಬ ಅಂಜಿಕೆ.

ಇದು ಓದಿನಲ್ಲಿ ಹಿಂದಿರುವ ಮಕ್ಕಳ ಮಾತಷ್ಟೇ ಆಗಿದ್ದರೆ ಅವರನ್ನು ಹುರಿದುಂಬಿಸಿದರೆ ಸಾಕೆಂದು ನಾನು ಸುಮ್ಮನಾಗುತ್ತಿದ್ದೆನೇನೋ. ಒಂದು ಶನಿವಾರ, ಗಂಟೆ ಬಾರಿಸುವುದಕ್ಕೆ ಮುಂಚೆ, ನಾನು ಅಡುಗೆ ಕೋಣೆಯಲ್ಲಿ ಮಕ್ಕಳ ಹಾಲನ್ನು ನೋಡುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಬಂದು ಬಾಗಿಲಲ್ಲಿ ನಿಂತಳು. ಆಕೆಯ ತರಗತಿಯನ್ನು ಇಲ್ಲಿ ಹೇಳುವುದಿಲ್ಲ. ಕೈಯಲ್ಲಿ ಸ್ಟೀಲಿನ ಲೋಟವಿತ್ತು, ಹಾಲಿಗೆ ಬಂದಳೆಂದು ತಿಳಿದೆ. "ಮೇಡಂ, ಇವತ್ತ ನನ್ನ ಹೆಸರ ಓದಬ್ಯಾಡ್ರಿ, ಓದಿದ್ರ ಮನ್ಯಾಗ ಗೊತ್ತಾಗ್ತದ" ಎಂದಳು. ಒಳಗೆ ಹೋಗಿ ಪಟ್ಟಿ ನೋಡಿದೆ. ಸದಾ ಮೊದಲ ಸ್ಥಾನದಲ್ಲಿರುತ್ತಿದ್ದ ಆಕೆಗೆ ಆ ವಾರ 25ಕ್ಕೆ 22 ಬಂದಿತ್ತು, ಹೆಸರು ಮೂರನೆಯದಾಗಿತ್ತು. ಮೂರನೆಯ ಸ್ಥಾನವೂ ಒಂದು ಗೌರವವೆಂದು ಭಾವಿಸಿ ನಾವು ಇಷ್ಟು ವರ್ಷ ಅದನ್ನು ಓದುತ್ತ ಬಂದಿದ್ದೆವು. ಆ ದಿನವೂ ಪದ್ಧತಿಯೆಂದು ನಾನು ಓದಿಬಿಟ್ಟೆ. ಓದುತ್ತಿರುವಾಗ ಆಕೆ ಸಾಲಿನಲ್ಲಿ ತಲೆ ತಗ್ಗಿಸಿ ಲೋಟದ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು. ಸುತ್ತಲಿನ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ನಾನು ಹಾಗೆ ಓದಬಾರದಿತ್ತು. ದಸರಾ ರಜೆಯ ಉದ್ದಕ್ಕೂ ಅದು ನನ್ನ ಮನಸ್ಸಿನಿಂದ ಹೋಗಲಿಲ್ಲ.

ಸ್ಪರ್ಧೆಯಿಲ್ಲದಿದ್ದರೆ ಮಕ್ಕಳು ಸಡಿಲಾಗುತ್ತಾರೆ ಎಂದು ಅರ್ಜಿಯಲ್ಲಿ ಬರೆದಿದ್ದೀರಿ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಶಿಕ್ಷಕರ ಸಭೆಯಲ್ಲಿಯೂ ಇಬ್ಬರು ಹಿರಿಯ ಶಿಕ್ಷಕರು ಇದನ್ನೇ ಹೇಳಿದರು. ಆದರೆ ಹತ್ತನೆಯ ತರಗತಿಯ ಪರೀಕ್ಷೆಯನ್ನೇ ನೋಡೋಣ. ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20ರಂತೆ 125 ಅಂಕಗಳು ಆಂತರಿಕ ಮೌಲ್ಯಮಾಪನದವು, ಅವು ಶಾಲೆಯ ಕಿರುಪರೀಕ್ಷೆ ಮತ್ತು ಚಟುವಟಿಕೆಗಳಿಂದ ಬರುವಂಥವು. ಅಲ್ಲಿ ಪಕ್ಕದ ಮಗುವಿಗಿಂತ ಹೆಚ್ಚು ಪಡೆದದ್ದಕ್ಕೆ ಯಾರಿಗೂ ಒಂದಂಕವೂ ಸೇರುವುದಿಲ್ಲ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳನ್ನು ಪರೀಕ್ಷಾ ಮಂಡಳಿ ಕೊಡುತ್ತಿದೆ. ತೇರ್ಗಡೆಯಾದ ಮಗುವೂ ಮತ್ತೆ ಬರೆದು, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಅಂದರೆ ಮಗು ತನ್ನ ಹಿಂದಿನ ಅಂಕದೊಂದಿಗೆ ಪೈಪೋಟಿ ಮಾಡಬೇಕೆಂದೇ ಮಂಡಳಿ ಬಯಸುತ್ತಿದೆ. ಅದಕ್ಕೆ ಅನುಕೂಲವಾಗಲೆಂದು ಪರೀಕ್ಷಾ ಪುಸ್ತಕದ ಮೊದಲ ಪುಟದಲ್ಲಿ ವಾರ ವಾರದ ಅಂಕಗಳನ್ನು ಒಂದರ ಕೆಳಗೊಂದು ಬರೆಯಿಸುತ್ತಿದ್ದೇವೆ. ಮಗು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಆ ಒಂದು ಪುಟದಲ್ಲಿ ತಮಗೆ ಕಾಣುತ್ತದೆ. ಮೊದಲ ಮೂರು ಹೆಸರುಗಳನ್ನು ಓದುತ್ತಿದ್ದಾಗ ಉಳಿದ ಮಕ್ಕಳ ಪಾಲಕರಿಗೆ ಇಷ್ಟು ತಿಳಿಯುತ್ತಿರಲಿಲ್ಲ.

"ಕಷ್ಟಪಟ್ಟು ಓದಿದ ಮಗುವಿನ ಹೆಸರನ್ನು ಏಕೆ ಮುಚ್ಚಿಡುತ್ತೀರಿ" ಎಂಬ ಪ್ರಶ್ನೆಗೆ ಉತ್ತರಿಸುವುದು ನನಗೆ ಹೆಚ್ಚು ಕಷ್ಟ, ಏಕೆಂದರೆ ಅದರಲ್ಲಿ ನ್ಯಾಯವಿದೆ. ಮಗಳ ಹೆಸರನ್ನು ಶಾಲೆಯವರು ಓದಿದರೆಂದು ಸಂಜೆ ಕೇಳುವುದೇ ದಿನವಿಡೀ ಹೊಲದಲ್ಲಿ ದುಡಿದು ಬರುವ ತಂದೆಗೆ ಎಷ್ಟು ದೊಡ್ಡ ಸಂತೋಷವೆಂದು ನನಗೆ ಗೊತ್ತಿದೆ. ಆ ಸಂತೋಷವನ್ನು ಕಿತ್ತುಕೊಳ್ಳುವ ಉದ್ದೇಶ ನಮಗಿಲ್ಲ. ಚೆನ್ನಾಗಿ ಬರೆದ ಮಗುವನ್ನು ವಿಷಯ ಶಿಕ್ಷಕರು ಹತ್ತಿರ ಕರೆದು ಮಾತನಾಡಿಸುತ್ತಾರೆ, ಪುಸ್ತಕದಲ್ಲಿ ನಾಲ್ಕು ಸಾಲು ಬರೆಯುತ್ತಾರೆ. ಯಾವ ಉತ್ತರ ಚೆನ್ನಾಗಿದೆ, ಏಕೆ ಚೆನ್ನಾಗಿದೆ ಎಂಬುದೂ ಅದರಲ್ಲಿರುತ್ತದೆ. ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಹೆಚ್ಚಿನ ಅಂಕ ಪಡೆದವರನ್ನು ಆಗಸ್ಟ್ 15ರಂದು ಊರ ಹಿರಿಯರ ಮುಂದೆ ಸನ್ಮಾನಿಸುವುದು ಎಂದಿನಂತೆಯೇ ನಡೆಯುತ್ತದೆ. ಬದಲಾಗಿರುವುದು ವಾರ ವಾರದ ಓದುವಿಕೆ ಮಾತ್ರ ಎಂದು ಮತ್ತೊಮ್ಮೆ ವಿನಂತಿಪೂರ್ವಕವಾಗಿ ಹೇಳುತ್ತೇನೆ.

ಹಾಗಾದರೆ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಆಯ್ಕೆಯಾದವರ ಹೆಸರನ್ನು ಓದಿದ್ದೇಕೆ ಎಂದು ಒಬ್ಬ ಪಾಲಕರು ಕೇಳಿದರು. ಸರಿಯಾದ ಪ್ರಶ್ನೆ. ಆ ಮಕ್ಕಳು ಎಂಟನೆಯ ತರಗತಿಯಲ್ಲಿ ತಾವೇ ಮುಂದೆ ಬಂದು ಬರೆದ ಪರೀಕ್ಷೆ ಅದು. ಆಯ್ಕೆಯಾದವರಿಗೆ ಒಂಬತ್ತರಿಂದ ಪಿಯುಸಿ ಎರಡನೆಯ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದ ಕುಟುಂಬಗಳ ಮಕ್ಕಳು ಅದನ್ನು ಬರೆಯಬಹುದು ಎಂಬುದು ಕಿರಿಯ ಮಕ್ಕಳಿಗೂ ಗೊತ್ತಾಗಲಿ ಎಂದು ಓದಿದೆವು. ಯಾರಿಗೆ ಎಷ್ಟು ಅಂಕ ಬಂತು ಎಂದು ಅಲ್ಲಿಯೂ ಓದಲಿಲ್ಲ.

ಇಲಾಖೆಯ ಆದೇಶವೇನಾದರೂ ಇದೆಯೇ ಎಂದೂ ಕೇಳಿದ್ದೀರಿ. ಇದು ಶಿಕ್ಷಕರ ಸಭೆಯಲ್ಲಿ ಚರ್ಚಿಸಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಗಮನಕ್ಕೆ ತಂದು ಶಾಲೆ ತಾನೇ ತೆಗೆದುಕೊಂಡ ನಿರ್ಧಾರ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಮಕ್ಕಳಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹೆಸರು ಓದುವುದು ಕಿರುಕುಳವೆಂದಾಗಲಿ, ಇಷ್ಟು ವರ್ಷ ಓದಿದ ನಮ್ಮ ಶಿಕ್ಷಕರು ತಪ್ಪು ಮಾಡಿದರೆಂದಾಗಲಿ ನಾನು ಹೇಳುತ್ತಿಲ್ಲ. ಅವರು ಒಳ್ಳೆಯದಾಗಲೆಂದೇ ಓದಿದರು. ಆದರೆ ಮಗುವೊಂದು ಬಾಗಿಲಲ್ಲಿ ನಿಂತು ಬೇಡವೆಂದು ಕೇಳಿಕೊಂಡ ಮೇಲೆ, ಅದನ್ನೇ ಮುಂದುವರಿಸಲು ನನಗೆ ಮನಸ್ಸು ಬರಲಿಲ್ಲ.

ಇದೇ ಕಾರಣಕ್ಕೆ ತರಗತಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿಯೂ ಇನ್ನು ಮುಂದೆ ಯಾವುದೇ ಮಗುವಿನ ಅಂಕಪಟ್ಟಿ ಅಥವಾ ಉತ್ತರ ಪತ್ರಿಕೆಯ ಚಿತ್ರ ಹಾಕುವಂತಿಲ್ಲ. ಈ ವಿಷಯದಲ್ಲಿ ಸಡಿಲಿಕೆ ಇರುವುದಿಲ್ಲ. ಕಳೆದ ತಿಂಗಳು ಬೇರೆ ಮನೆಯ ಮಗುವಿನ ಉತ್ತರ ಪತ್ರಿಕೆಯ ಚಿತ್ರವೊಂದು ಗುಂಪಿಗೆ ಬಂದು, ಅದರ ಕೆಳಗೆ ದೊಡ್ಡವರೇ ನಗುವಿನ ಗುರುತುಗಳನ್ನು ಹಾಕಿದ್ದನ್ನು ನೋಡಿ ನಮಗೆಲ್ಲರಿಗೂ ಬಹಳ ನೋವಾಯಿತು.

ಒಂದು ಕೊರತೆಯನ್ನು ಒಪ್ಪಿಕೊಳ್ಳಬೇಕು. ಪದ್ಧತಿಯನ್ನು ಬದಲಿಸುವ ಮೊದಲು ಪಾಲಕರ ಸಭೆ ಕರೆದು ತಮ್ಮೆಲ್ಲರಿಗೆ ತಿಳಿಸಬೇಕಾಗಿತ್ತು, ನಾವು ತಿಳಿಸಲಿಲ್ಲ. ಅದಕ್ಕಾಗಿ ಕ್ಷಮೆ ಕೋರುತ್ತೇನೆ. ಎರಡನೆಯ ಸಂಕಲನಾತ್ಮಕ ಮೌಲ್ಯಮಾಪನ (ವರ್ಷದ ಕೊನೆಯ ಪರೀಕ್ಷೆ) ಮುಗಿಯುವವರೆಗೆ ಈ ಕ್ರಮವನ್ನು ಹೀಗೆಯೇ ನಡೆಸಿ, ಶನಿವಾರದ ಹಾಜರಿಯನ್ನೂ ಮಕ್ಕಳ ಅಂಕಗಳನ್ನೂ ಪಾಲಕರ ಸಭೆಯ ಮುಂದಿಡುತ್ತೇವೆ. ಅಂದು ತಮ್ಮ ಅಭಿಪ್ರಾಯ ಬೇರೆಯಾಗಿದ್ದರೆ ಕುಳಿತು ಮಾತನಾಡೋಣ. ಅಲ್ಲಿಯವರೆಗೆ ನಿರ್ಧಾರ ಬದಲಾಗುವುದಿಲ್ಲ.

ಶನಿವಾರ ಮನೆಗೆ ಬರುವ ಪರೀಕ್ಷಾ ಪುಸ್ತಕವನ್ನು ನೋಡಿ, ಸಹಿ ಮಾಡಿ, ಸೋಮವಾರ ಕಳುಹಿಸಿಕೊಡಿ.

ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರೂ ಸಾಕು. ಅಂಕ ಕಡಿಮೆಯಿದ್ದ ದಿನವೂ ಪುಸ್ತಕ ನೋಡಿದ ಮೇಲೆ ಮಗುವಿಗೆ ಊಟ ಬಡಿಸಿ, ಆಮೇಲೆ ಮಾತನಾಡಿ. ನನ್ನನ್ನು ಕಾಣಬೇಕೆನ್ನುವವರು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮಧ್ಯಾಹ್ನ 1 ಗಂಟೆಯವರೆಗೆ ಬರಬಹುದು. ಅರ್ಜಿ ಕೊಟ್ಟವರು ಈ ಶನಿವಾರವೇ, ಪ್ರಾರ್ಥನೆಯ ಹೊತ್ತಿಗೇ ಬಂದರೆ ಇನ್ನೂ ಸಂತೋಷ. ಅಂದು ಹಂತಿಪದದ ಹುಡುಗ ತನ್ನ ಮುತ್ಯಾನನ್ನೂ ಕರೆತರುತ್ತಿದ್ದಾನೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ