ಇತಿಹಾಸದ ಪೀರಿಯಡ್ ಕಿತ್ತು ಫ್ರೆಂಚ್‌ಗೆ ಕೊಡಬೇಡಿ, ಎರಡನ್ನೂ ಜೊತೆಗೆ ಕಲಿಸಿ

ಮಾನ್ಯ ಸಂಪಾದಕರೇ,

ಖಾಸಗಿ ಶಾಲೆಯೊಂದರಲ್ಲಿ ಪ್ರೌಢಶಾಲಾ ಮಕ್ಕಳಿಗೆ ಇತಿಹಾಸ ಕಲಿಸುವವಳು ನಾನು. ಈ ವರ್ಷದ ವೇಳಾಪಟ್ಟಿಯಲ್ಲಿ ನಮ್ಮ ಆಡಳಿತ ಮಂಡಳಿ ಇತಿಹಾಸದ ಒಂದು ಪೀರಿಯಡ್ ತೆಗೆದು ವಿದೇಶಿ ಭಾಷೆಗೆ ಕೊಟ್ಟಿದೆ. ಪೋಷಕರ ಸಭೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಫ್ರೆಂಚ್‌ನಲ್ಲಿ ಮಾರ್ಕ್ಸ್ ಚೆನ್ನಾಗಿ ಬರುತ್ತದೆ, ಜರ್ಮನ್ ಬಂದರೆ ಮುಂದೆ ಹೊರಗೆ ಓದಲು ಅನುಕೂಲ, ಹಿಸ್ಟರಿಯನ್ನು ಪರೀಕ್ಷೆಗೆ ಮುಂಚೆ ಓದಿಕೊಂಡರೆ ಸಾಕು ಎಂದರು. ವಿದೇಶಿ ಭಾಷೆ ಬೇಡವೆಂದು ನಾನು ಈ ಪತ್ರ ಬರೆಯುತ್ತಿಲ್ಲ, ಬೇಕೆಂದೇ ಬರೆಯುತ್ತಿದ್ದೇನೆ. ಆದರೆ ನಮ್ಮ ನಾಡಿನ ಚರಿತ್ರೆಯ ಎಷ್ಟೊಂದು ಮುಖ್ಯ ಆಕರಗಳು ಇದೇ ಭಾಷೆಗಳಲ್ಲಿ ಕೂತಿರುವಾಗ, ಎರಡು ವಿಷಯಗಳನ್ನು ಒಂದಕ್ಕೊಂದು ಎದುರಾಳಿ ಮಾಡಿ ನಿಲ್ಲಿಸಿರುವುದು ನನಗೆ ಸಹಿಸಲಾಗುತ್ತಿಲ್ಲ.

ವಿಜಯನಗರದ ಪಾಠದಲ್ಲಿ ಡೊಮಿಂಗೊ ಪಾಯಸ್, ನ್ಯೂನಿಜ್, ಅಬ್ದುಲ್ ರಜಾಕ್, ನಿಕೊಲೊ ಕಾಂಟಿ ಎಂಬ ವಿದೇಶಿ ಪ್ರವಾಸಿಗರ ಹೆಸರುಗಳು ಬರುತ್ತವೆ. ಮಕ್ಕಳಿಗೆ ಅವು ‘ಹೊಂದಿಸಿ ಬರೆಯಿರಿ’ ಪ್ರಶ್ನೆಯ ಹೆಸರುಗಳು, ಅಷ್ಟೇ. ಪಾಯಸ್ ಹಂಪಿಗೆ ಬಂದದ್ದು 1520ರ ಸುಮಾರಿಗೆ, ಕೃಷ್ಣದೇವರಾಯ ಸಿಂಹಾಸನದಲ್ಲಿದ್ದಾಗ. ಅವನೂ ಕುದುರೆ ವ್ಯಾಪಾರಿ ನ್ಯೂನಿಜ್‌ನೂ ಬರೆದದ್ದು ಪೋರ್ಚುಗೀಸಿನಲ್ಲಿ. ಆ ಹಸ್ತಪ್ರತಿ ಉಳಿದುಬಂದದ್ದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ. ಲಿಸ್ಬನ್ನಿನಲ್ಲಿ ಅದು ಅಚ್ಚಾದದ್ದು 1897ರಲ್ಲಿ, ರಾಬರ್ಟ್ ಸೀವೆಲ್ ಇಂಗ್ಲಿಷಿಗೆ ತಂದದ್ದು 1900ರಲ್ಲಿ. ಹಂಪಿಯ ಬೀದಿಗಳ ಬಗ್ಗೆ ನಾವು ಇಂದು ಆಡುವ ಮಾತಿನಲ್ಲಿ ಎಷ್ಟೋ ಪಾಲು ಆ ಇಂಗ್ಲಿಷಿನಿಂದಲೇ ಬಂದದ್ದು. ನಮ್ಮ ಮಕ್ಕಳಲ್ಲಿ ಒಬ್ಬರಾದರೂ ಮೂಲವನ್ನೇ ಬಿಡಿಸಿ ಓದಿ, ಸೀವೆಲ್ ಮಾಡಿದ ಅರ್ಥ ಸರಿಯೇ ಎಂದು ಕೇಳುವಂತಾಗಬಾರದೇ?

ಕಳೆದ ವರ್ಷ ಎಂಟನೇ ತರಗತಿಗೆ ಕೆಳದಿ ನಾಯಕರ ಪಾಠ ಮಾಡುವಾಗ ಪಿಯೆತ್ರೊ ದೆಲ್ಲಾ ವಾಲೆಯ ಕಥೆ ಹೇಳಿದೆ. ಇಟಲಿಯ ಈ ಪ್ರವಾಸಿ 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊರಟು, ಹೊನ್ನಾವರ, ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ ಕೆಳದಿ ನಾಯಕರ ರಾಜಧಾನಿ ಇಕ್ಕೇರಿಗೆ ಬಂದ. ಆಗ ಅಲ್ಲಿ ಆಳುತ್ತಿದ್ದವನು ವೆಂಕಟಪ್ಪ ನಾಯಕ. ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯ ಮೇಲೆ ನಾಲ್ವರು ಹುಡುಗರು ನೆಲಕ್ಕೆ ನುಣುಪು ಮರಳು ಹರಡಿ, ಬೆರಳಲ್ಲಿ ಅಂಕಿ ಬರೆಯುತ್ತ, ರಾಗವಾಗಿ ಹಾಡಿಕೊಂಡು ಲೆಕ್ಕ ಕಲಿಯುವುದನ್ನು ಅವನು ಕಂಡ. ನೆಲ ತುಂಬಿದರೆ ಅಳಿಸಿ, ಹೊಸ ಮರಳು ಹರಡಿ, ಮುಂದಕ್ಕೆ ಹೋಗುತ್ತಿದ್ದರು. ಹತ್ತಿರದಲ್ಲಿ ಗುರುಗಳಿಲ್ಲ. ಮರೆತರೆ ತಿದ್ದುವವರು ಯಾರು ಎಂದು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೆ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲ ಎಂದು ಉತ್ತರ ಬಂತಂತೆ. ಇದನ್ನೆಲ್ಲ ಅವನು ನೇಪಲ್ಸಿನ ಗೆಳೆಯನಿಗೆ ಪತ್ರದಲ್ಲಿ ಬರೆದ. ನಾಲ್ಕು ಶತಮಾನದ ಹಿಂದಿನ ಮಲೆನಾಡಿನ ಮಕ್ಕಳ ಮಾತು ನಮಗೆ ದಕ್ಕಿರುವುದು ಇಟಾಲಿಯನ್ ಪತ್ರವೊಂದರಿಂದ!

ತರಗತಿಯಲ್ಲಿ ಸದ್ದೇ ಇರಲಿಲ್ಲ. ಆಮೇಲೆ ಫ್ರೆಂಚ್ ತೆಗೆದುಕೊಂಡಿದ್ದ ಹುಡುಗಿಯೊಬ್ಬಳು, ಅವನು ಬರೆದದ್ದನ್ನು ಅವನ ಭಾಷೆಯಲ್ಲೇ ನೋಡಬಹುದೇ ಎಂದು ಕೇಳಿದಳು. ಮೂಲದ ಪುಟ ಹುಡುಕಿ ಫ್ರೆಂಚ್ ಮೇಡಂಗೆ ತೋರಿಸಿದೆ. ಇಟಾಲಿಯನ್, ಫ್ರೆಂಚ್ ಎರಡೂ ಲ್ಯಾಟಿನ್ನಿನ ಮಕ್ಕಳು. ಮೇಡಂ ಮಕ್ಕಳನ್ನು ಕೂರಿಸಿಕೊಂಡು ಸಾಲು ಸಾಲಾಗಿ ಅರ್ಥ ಊಹಿಸಲು ಹೇಳಿದರು. ಗೊತ್ತಿರುವ ಫ್ರೆಂಚ್ ಪದದ ನೆಂಟ ಸಿಕ್ಕಾಗಲೆಲ್ಲ ಮಕ್ಕಳು ಕೂಗಿಕೊಳ್ಳುತ್ತಿದ್ದರು. ಅದುವರೆಗೆ ಅವರ ಫ್ರೆಂಚ್ ಪುಸ್ತಕದಲ್ಲಿ ಐಫೆಲ್ ಗೋಪುರ, ಕೆಫೆಯಲ್ಲಿ ಕಾಫಿ ಕೇಳುವ ಸಂಭಾಷಣೆ, ಇಂಥವೇ ಇದ್ದವು. ಆ ಭಾಷೆಗೂ ತಮಗೂ ಹಳೆಯ ಸಂಬಂಧವಿದೆ ಎಂದು ಯಾರೂ ಹೇಳಿಯೇ ಇರಲಿಲ್ಲ. ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ವರ್ಸೇಲ್ಸ್‌ನಲ್ಲಿ ಹದಿನಾರನೇ ಲೂಯಿಯನ್ನು ಕಂಡದ್ದು, ಮರುವರ್ಷವೇ ಅಲ್ಲಿ ಕ್ರಾಂತಿ ಸಿಡಿದದ್ದು ನಮ್ಮ ಪಠ್ಯಗಳಲ್ಲಿ ಎರಡು ಬೇರೆ ಅಧ್ಯಾಯಗಳು. ಫ್ರೆಂಚ್ ಮೇಷ್ಟರೂ ಇತಿಹಾಸದ ಮೇಷ್ಟರೂ ಒಂದು ಗಂಟೆ ಒಟ್ಟಿಗೆ ನಿಂತರೆ ಅವು ಒಂದೇ ಕಥೆಯಾಗುತ್ತವೆ.

ಜರ್ಮನ್‌ನ ಮಾತಂತೂ ಇನ್ನೂ ಹತ್ತಿರದ್ದು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜರ್ಮನ್ ಭಾಷಿಕ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಲ್ಲೊಬ್ಬನಾದ ಮೊಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ದಿಂದಲೇ ಕನ್ನಡ ಪತ್ರಿಕೋದ್ಯಮದ ಎಣಿಕೆ ಶುರು, ನಿಮ್ಮ ಪತ್ರಿಕೆಯೂ ಆ ಸಾಲಿನದೇ. ಅದೇ ಮಿಷನ್ನಿನ ಕಿಟೆಲ್‌ನ ಕನ್ನಡ ನಿಘಂಟು ಬಂದದ್ದು 1894ರಲ್ಲಿ. ಇವರೆಲ್ಲ ಮಂಗಳೂರು, ಧಾರವಾಡ, ಕೊಡಗಿನ ಬಗ್ಗೆ ತಮ್ಮ ಮುಖ್ಯ ಕಚೇರಿಗೆ ಬರೆದ ಕಾಗದಗಳು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿವೆ. ಬಹಳಷ್ಟು ಹಳೆಯ ಜರ್ಮನ್ ಕೈಬರಹ, ಇಂದಿನ ಜರ್ಮನರಿಗೂ ಅಭ್ಯಾಸವಿಲ್ಲದೆ ಓದಲಾಗದು. ಅದನ್ನು ಓದಬಲ್ಲ, ಜೊತೆಗೆ ಕನ್ನಡವನ್ನೂ ಚೆನ್ನಾಗಿ ಬಲ್ಲ ಯುವಕರು ನಮಗೆ ಬೇಕು. ಕನ್ನಡ ಓದಲು ತಡವರಿಸುವ ಮಗುವಿಗೆ ಜರ್ಮನ್ ಒಂದೇ ಬಂದರೆ ಕಿಟೆಲ್ ಅರ್ಧ ಮಾತ್ರ ಸಿಗುತ್ತಾನೆ. ಶಾಲೆಗಳಲ್ಲಿ ಕನ್ನಡ ಕಲಿಸಲೇಬೇಕೆನ್ನುವ 2015ರ ಕಾಯ್ದೆಯನ್ನು ಕಾಟಾಚಾರಕ್ಕೆ ಪಾಲಿಸುವ ಶಾಲೆಗಳು ಇದನ್ನು ಯೋಚಿಸಲಿ.

ವಿದೇಶಿ ಭಾಷೆ ಎಂದರೆ ಫ್ರೆಂಚ್, ಜರ್ಮನ್ ಎಂದು ನಿಲ್ಲಿಸಿರುವುದಾದರೂ ಏಕೆ? ಎರಡನೇ ಇಬ್ರಾಹಿಂ ಆದಿಲ್‌ಶಾಹನ ಬಿಜಾಪುರದಲ್ಲಿ ಕೂತು ಇತಿಹಾಸಕಾರ ಫೆರಿಷ್ತಾ ತನ್ನ ಚರಿತ್ರೆಯ ಗ್ರಂಥವನ್ನು ಬರೆದದ್ದು ಫಾರಸಿಯಲ್ಲಿ. ಕರಾವಳಿಯ ಚರಿತ್ರೆಗೆ ಪೋರ್ಚುಗೀಸ್ ಇಲ್ಲದೆ ನಡೆಯದು, ಅದರ ದೊಡ್ಡ ದಾಖಲೆ ಭಂಡಾರ ಪಕ್ಕದ ಪಣಜಿಯಲ್ಲೇ ಇದೆ. ಎಲ್ಲ ಶಾಲೆಯಲ್ಲೂ ಇವನ್ನು ಕಲಿಸುವುದು ಆಗದ ಮಾತು, ಶಿಕ್ಷಕರೇ ಸಿಗುವುದಿಲ್ಲ. ಆದರೆ ಲಕ್ಷಗಟ್ಟಲೆ ಶುಲ್ಕ ಪಡೆದು ವಿದೇಶಿ ಭಾಷೆಯ ಹೆಸರನ್ನು ಬ್ಯಾನರಿನಲ್ಲಿ ಹಾಕುವ ಶಾಲೆಗಳು ಒಂದೆರಡಾದರೂ ಮುಂದೆ ಬರಬಹುದು.

ಶಾಲೆಗಳ ಆಡಳಿತ ಮಂಡಳಿಗಳಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಕಿತ್ತುಕೊಂಡ ಪೀರಿಯಡನ್ನು ವಾಪಸ್ ಕೊಡದಿದ್ದರೆ, ಎಂಟು ಮತ್ತು ಒಂಬತ್ತನೇ ತರಗತಿಯಲ್ಲಿ ವಾರಕ್ಕೊಂದು ಪೀರಿಯಡನ್ನು ಭಾಷಾ ಶಿಕ್ಷಕರಿಗೂ ಇತಿಹಾಸ ಶಿಕ್ಷಕರಿಗೂ ಒಟ್ಟಿಗೆ ಕೊಡಿ, ಅದಕ್ಕೆ ಪರೀಕ್ಷೆ ಇಡಬೇಡಿ. ಇನ್ನೊಂದು, ಪಿಯುನಲ್ಲಿ ವಿಜ್ಞಾನ, ವಾಣಿಜ್ಯ ಎರಡನ್ನೇ ಇಟ್ಟುಕೊಂಡು ‘ನಮ್ಮಲ್ಲಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಇಲ್ಲ’ ಎಂದು ಮಕ್ಕಳನ್ನು ವಾಪಸ್ ಕಳಿಸುವುದನ್ನು ಖಾಸಗಿ ಕಾಲೇಜುಗಳು ಬಿಡಬೇಕು. ಇಟಾಲಿಯನ್ ಪುಟ ಕೇಳಿದ ಆ ಹುಡುಗಿ ಈಗ ಒಂಬತ್ತನೇ ತರಗತಿ. ಹತ್ತು ಮುಗಿದ ಮೇಲೆ ಇತಿಹಾಸವನ್ನೂ ಫ್ರೆಂಚನ್ನೂ ಒಟ್ಟಿಗೆ ಎಲ್ಲಿ ಓದಬಹುದು ಎಂದು ಅವಳ ತಾಯಿ ನನ್ನನ್ನು ಕೇಳಿದ್ದಾರೆ. ಕಾಲೇಜುಗಳವರು ಇದನ್ನು ಓದುತ್ತಿದ್ದರೆ ದಯವಿಟ್ಟು ಈ ಅಂಕಣದಲ್ಲೇ ಉತ್ತರಿಸಲಿ.

– ಇತಿಹಾಸ ಶಿಕ್ಷಕಿ