ಚಾಲುಕ್ಯರ ದಾರಿ ಮಗ್ಗದ ಮನೆಗೂ ಹೊರಳಲಿ

ಮಾನ್ಯರೇ,

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಒಂದೇ ದಿನದಲ್ಲಿ ಮುಗಿಸಿ ಸಂಜೆಗೆ ಹೊಸಪೇಟೆಗೋ ಹುಬ್ಬಳ್ಳಿಗೋ ಮರಳುವುದು ಪ್ರವಾಸಿಗರ ರೂಢಿ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆಗೆ 13–14 ಕಿ.ಮೀ. ಊರುಗಳು ಇಷ್ಟು ಹತ್ತಿರ ಇರುವುದೇ ಬಾಗಲಕೋಟೆ ಜಿಲ್ಲೆಗೆ ನಷ್ಟವಾಗಿದೆ. ರಾತ್ರಿ ಉಳಿಯದವರು ಇಲ್ಲಿ ಬಿಟ್ಟುಹೋಗುವುದು ಒಂದು ಊಟದ ದುಡ್ಡು. ಟಿಕೆಟ್ ಹಣ ಹೇಗೂ ಕೇಂದ್ರಕ್ಕೆ ಹೋಗುತ್ತದೆ. ಈ ದಾರಿಯನ್ನು ನೇಕಾರರ ಮನೆಗಳಿಗೂ ಹೊರಳಿಸಿ ಮೂರು ದಿನದ ಪ್ರವಾಸವಾಗಿಸಬೇಕು ಎಂಬುದು ನನ್ನ ಸಲಹೆ.

ಪಟ್ಟದಕಲ್ಲು ವಿಶ್ವ ಪರಂಪರೆ ಪಟ್ಟಿ ಸೇರಿದ್ದು 1987ರಲ್ಲಿ. ಅದೇ ವರ್ಷ ಯುರೋಪ್ ಕೌನ್ಸಿಲ್ ಸ್ಪೇನಿನ ಸಾಂತಿಯಾಗೊ ಯಾತ್ರಾ ಹಾದಿಯನ್ನು ತನ್ನ ಮೊದಲ ಸಾಂಸ್ಕೃತಿಕ ಮಾರ್ಗವೆಂದು ಘೋಷಿಸಿತು. ಅಲ್ಲಿ ಕಾಲ್ನಡಿಗೆಯವರಿಗೆ ಪ್ರಮಾಣಪತ್ರ ಸಿಗಬೇಕಾದರೆ ಕನಿಷ್ಠ 100 ಕಿ.ಮೀ. ನಡೆದು, ದಿನಕ್ಕೆ 2 ಮೊಹರು ಹಾಕಿಸಿಕೊಳ್ಳಬೇಕು. ಮೊಹರು ಹಳ್ಳಿಯ ಚರ್ಚು, ತಂಗುಮನೆ, ಕಾಫಿ ಅಂಗಡಿಗಳಲ್ಲಿ ಸಿಗುವುದರಿಂದ ದುಡ್ಡೂ ದಾರಿಯುದ್ದಕ್ಕೂ ಹಂಚಿಹೋಗುತ್ತದೆ.

ನಮ್ಮಲ್ಲಿ ಹೀಗೆ ಪ್ರವಾಸಿಗರನ್ನು ಹಿಡಿದು ನಿಲ್ಲಿಸಬಲ್ಲವು ನೇಕಾರರ ಊರುಗಳಾದ ಗುಳೇದಗುಡ್ಡ ಮತ್ತು ಇಳಕಲ್. ಇಳಕಲ್ ಸೀರೆಯಲ್ಲಿ ಮೈಯ ಹಾಸು (ಮಗ್ಗದ ಉದ್ದಕ್ಕೆ ಹೂಡುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಪ್ರತಿ ಸೀರೆಗೂ ಈ ಕೊಂಡಿ ಹೊಸದಾಗಿ ಆಗಬೇಕು. ಅದಕ್ಕೇ ಹಾಸನ್ನು 6, 8 ಅಥವಾ 9 ಗಜದ ಲೆಕ್ಕದಲ್ಲಿ ಒಂದೊಂದೇ ಸೀರೆಗೆ ಹೂಡುವುದು. ಇದನ್ನು ಕಣ್ಣಾರೆ ಕಂಡವರು ಸೀರೆಯ ಬೆಲೆಗೆ ಚೌಕಾಸಿ ಮಾಡಲಾರರು. ಗುಳೇದಗುಡ್ಡದ ಖಣವಂತೂ ಒಂದು ಕುಪ್ಪಸದ ಅಳತೆಯದು. ಸೀರೆಗಿಂತ ಅಗ್ಗ, ಚೀಲದಲ್ಲಿ ಹಗುರ. ತೇರು, ಸೂರ್ಯನಾರಾಯಣ, ಆನೆ ಹೆಜ್ಜೆಯ ವಿನ್ಯಾಸಗಳನ್ನು ನೇಯುವವರ ಮನೆಯಲ್ಲೇ ನೋಡಬಹುದು.

ಆದರೆ ಬಸ್ಸು ತಂದು ನಿಲ್ಲಿಸಿದ ಮಾತ್ರಕ್ಕೆ ನೇಕಾರರಿಗೆ ಲಾಭವಿಲ್ಲ. ಇವರಲ್ಲಿ ಬಹಳಷ್ಟು ಮಂದಿ ಕೂಲಿ ನೇಕಾರರು. ನೂಲು ಮಾಲೀಕರದ್ದು, ನೇಯ್ದ ಸೀರೆಯೂ ಅವರದ್ದೇ. ಪ್ರವಾಸಿ ಆಸೆಪಟ್ಟು ಕೇಳಿದರೂ ಮಗ್ಗದ ಮೇಲಿನ ಸೀರೆಯನ್ನು ಮಾರುವಂತಿಲ್ಲ. ಬಂದವರ ಪ್ರಶ್ನೆಗೆ ಉತ್ತರಿಸುವಷ್ಟು ಹೊತ್ತು ಲಾಳಿ ನಿಂತು ಕೂಲಿ ಖೋತಾ ಆಗುತ್ತದೆ. ಆದ್ದರಿಂದ ಮಾರಾಟವಾಗಲಿ ಬಿಡಲಿ, ಭೇಟಿಗೆ ಇಷ್ಟೆಂದು ಶುಲ್ಕ ಗೊತ್ತುಪಡಿಸಿ ಅದೇ ದಿನ ಮಗ್ಗದ ಮನೆಗೆ ಸಂದಾಯ ಮಾಡಬೇಕು. ಕುಣಿಮಗ್ಗದ (ನೆಲದ ಗುಂಡಿಯಲ್ಲಿ ಕಾಲಿಳಿಸಿ ನೇಯುವ ಮಗ್ಗ) ಕೋಣೆ ಚಿಕ್ಕದು, ಒಮ್ಮೆಗೆ 6 ಜನ ಸಾಕು. ಮಾರಾಟ ಸಹಕಾರ ಸಂಘದ ಮಳಿಗೆಯಲ್ಲಿ, ನಿಗದಿತ ಬೆಲೆಗೆ ನಡೆಯಲಿ. ಕಾರು ಚಾಲಕರಿಗೆ ಕಮಿಷನ್ ಕೊಡುವ ಅಂಗಡಿಗಳಿಗೆ ದಾರಿ ಬಿಟ್ಟರೆ ಪವರ್‌ಲೂಮ್ ಸೀರೆ ಕೈಮಗ್ಗದ ಹೆಸರಿನಲ್ಲಿ ಬಿಕರಿಯಾಗುತ್ತದೆ. ಇಳಕಲ್ ಸೀರೆಗೆ ಸಿಕ್ಕ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆಗೂ ಅರ್ಥ ಉಳಿಯದು.

ಹಾದಿ ಹೀಗಿರಬಹುದು: ಮೊದಲ ದಿನ ಬಾದಾಮಿಯ ಮೇಣಬಸದಿ ಗುಹೆಗಳು, ಮಧ್ಯಾಹ್ನ ಗುಳೇದಗುಡ್ಡ, ಸಂಜೆ ಬಾದಾಮಿಯ ಅಗಸ್ತ್ಯ ತೀರ್ಥ ಕೆರೆಯ ದಂಡೆ, ರಾತ್ರಿ ಅದೇ ಊರಲ್ಲಿ ವಸತಿ. ಮರುದಿನ ಪಟ್ಟದಕಲ್ಲು, ಐಹೊಳೆ, ಅಮೀನಗಡದ ಕರದಂಟು, ರಾತ್ರಿಗೆ ಇಳಕಲ್. ಮೂರನೇ ದಿನ ಬೆಳಿಗ್ಗೆ ಮಗ್ಗ, ಆಮೇಲೆ ಕೂಡಲಸಂಗಮ. ಶುಕ್ರವಾರ ಪುರಾತತ್ವ ವಸ್ತುಸಂಗ್ರಹಾಲಯಗಳಿಗೆ ರಜೆ, ಅದನ್ನು ನೋಡಿಕೊಂಡು ದಿನ ಇಡಬೇಕು. ಬಾದಾಮಿ ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರವಿರುವುದರಿಂದ ಮಿನಿಬಸ್ ಅಲ್ಲಿಂದಲೇ ಹೊರಡಲಿ.

ಮೊದಲ ವರ್ಷಕ್ಕೆ ಎರಡೂ ಊರುಗಳಲ್ಲಿ ಹತ್ತತ್ತು ಮಗ್ಗದ ಮನೆ ಸಾಕು. ಬನಶಂಕರಿ ಜಾತ್ರೆಗೆ ಜನ ಸೇರುವ ಮುನ್ನವೇ ಜಿಲ್ಲಾಡಳಿತ ನೇಕಾರರ ಸಂಘಗಳನ್ನು ಕರೆದು ಶುಲ್ಕ ನಿಗದಿಪಡಿಸಲಿ.

– ಓದುಗರು, ಬಾಗಲಕೋಟೆ ಜಿಲ್ಲೆ